ಮಾವನ ಕಾಯಿಲೆ, ಕ್ಯಾಂಪಿನ ನೀರು

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ನನ್ನ ಗಂಡ ಇಲ್ಲಿನವರೇ. ಮಾವ ಮರೀನ್, ಅಂದರೆ ಅಮೆರಿಕ ಸೇನೆಯ ಒಂದು ದಳದ ಯೋಧ ಆಗಿದ್ದರು, 1974ರಲ್ಲಿ ಎಂಟು ತಿಂಗಳು ನಾರ್ತ್ ಕ್ಯಾರೊಲೈನಾದ ಕ್ಯಾಂಪ್ ಲೆಜೂನ್ ಸೇನಾ ನೆಲೆಯಲ್ಲಿದ್ದರು. ಅಲ್ಲಿನ ಕುಡಿಯುವ ನೀರು ಆಗ ಕಲುಷಿತವಾಗಿತ್ತಂತೆ. ಈಗ ಪಾರ್ಕಿನ್ಸನ್ಸ್, ಕೈ ನಡುಗುವ ನರದ ಕಾಯಿಲೆ. ಕಾಫಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದರೂ ತುಳುಕುತ್ತದೆ. ಪರಿಹಾರ ಕೇಳಲು ತಡವಾಯಿತೇ?

ಉತ್ತರ: ಒಂದು ಬಾಗಿಲು ಮುಚ್ಚಿದೆಯಮ್ಮಾ, ಇನ್ನೊಂದು ತೆರೆದಿದೆ. ಆ ನೀರಿನಿಂದ ತೊಂದರೆಯಾದವರಿಗೆಂದು ಬಂದ 2022ರ ಕಾಯ್ದೆಯಡಿ ಸರ್ಕಾರದ ಮೇಲೆ ಕೇಸು ಹಾಕಲು ಮೊದಲು ನೌಕಾಪಡೆಗೆ ಅರ್ಜಿ ಕೊಡಬೇಕಿತ್ತು. ಆ ಗಡುವು 2024ರ ಆಗಸ್ಟ್‌ನಲ್ಲೇ ಮುಗಿಯಿತು. ಮಾವ ಆಗಲೇ ಸುಮ್ನೆ ಒಂದು ಅರ್ಜಿ ಹಾಕಿದ್ದರೇನೋ, ಕೇಳಿ ನೋಡಿ. ಗಂಡಸರು ಇಂಥದ್ದನ್ನು ಮನೆಯಲ್ಲಿ ಹೇಳುವುದು ಕಡಿಮೆ, ಅಲ್ವಾ?

ಮಾಜಿ ಯೋಧರ ಇಲಾಖೆಯ ಮಾಸಿಕ ಪರಿಹಾರಕ್ಕೆ ಇಂಥ ಗಡುವಿಲ್ಲ. 1953ರ ಆಗಸ್ಟ್‌ನಿಂದ 1987ರ ಕೊನೆಯವರೆಗೆ, ಒಟ್ಟು 30 ದಿನ ಅಲ್ಲಿದ್ದರೆ ಸಾಕು. ಅಲ್ಲಿನ ಬಾವಿಗಳಿಗೆ ಡ್ರೈ ಕ್ಲೀನಿಂಗ್ ದ್ರಾವಣ, ಬೆನ್ಜೀನ್ ಎಂಬ ವಿಷಕಾರಿ ರಾಸಾಯನಿಕ ಸೇರಿತ್ತು. ಪಾರ್ಕಿನ್ಸನ್ಸ್, ಈ ನೀರಿನಿಂದ ಬಂದವೆಂದು ಇಲಾಖೆ ಒಪ್ಪುವ ಪಟ್ಟಿಯಲ್ಲಿರುವ ಎಂಟು ಕಾಯಿಲೆಗಳಲ್ಲಿ ಒಂದು. ಹಾಗಾಗಿ ನೀರಿನಿಂದಲೇ ಬಂತೆಂದು ನೀವು ಸಾಬೀತು ಮಾಡಬೇಕಿಲ್ಲ. ಸೇವೆಯಿಂದ ಬಿಡುಗಡೆಯಾದ ಪತ್ರ, ಕ್ಯಾಂಪಿನಲ್ಲಿದ್ದ ದಾಖಲೆ, ಡಾಕ್ಟರ ವರದಿ ಇಟ್ಟು ಅರ್ಜಿ ಹಾಕಿ. ಹಳೆಯ ಟ್ರಂಕು ಮೊದಲು ತೆಗೆಯಿರಿ.