ಪ್ಯಾಚ್ ನಿಮ್ಮ ಬಳಿಯೂ ಇರಲಿ, ಮೂಲಕ್ಕೂ ಹೋಗಲಿ

ಕೋಡಿನ ಕಡತಗಳನ್ನು ಸರಿಯಾದ ಕ್ರಮದಲ್ಲಿ ಕಂಪೈಲ್ ಮಾಡಿಸುವ ನಿಂಜಾ ಬಿಲ್ಡ್ ಟೂಲಿಗೆ ನಿಮ್ಮ ತಂಡ ನಾಲ್ಕು ಪ್ಯಾಚ್, ಅಂದರೆ ತನ್ನದೇ ತಿದ್ದುಪಡಿ, ಹಾಕಿಕೊಂಡಿದೆ. ಅವನ್ನು ಹೀಗೆಯೇ ಸಾಕಿಕೊಂಡು ಹೋಗುವುದೋ, ಮೂಲ ಯೋಜನೆಗೆ ಕಳಿಸುವುದೋ ಎಂದು ಕೇಳಿದ್ದೀರಿ. ಎರಡನ್ನೂ ಮಾಡಿ. ಆದರೆ ಕಳಿಸುವುದನ್ನು ಪ್ಯಾಚ್ ಬರೆದ ವಾರದಲ್ಲೇ ಮುಗಿಸಿ.

ನನ್ನ ಹಿಂದಿನ ಕೆಲಸದಲ್ಲಿ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತರುವ ತಂತ್ರಾಂಶ) ಮೇಲೆ ಹದಿನೇಳು ಪ್ಯಾಚ್‌ಗಳಿದ್ದವು. ಹೊಸ ಆವೃತ್ತಿಗೆ ಏರುವಾಗ ಒಂಬತ್ತನೆಯದು ಕೂರಲಿಲ್ಲ. ಕೂರದ ಭಾಗ ಉಳಿಯುವ ರಿಜೆಕ್ಟ್ ಕಡತ ತೆರೆದರೆ ಮೂರೇ ಸಾಲು: 'ಚಿಕ್ಕದು' ಎಂಬ ಷರತ್ತು 'ಚಿಕ್ಕದು ಅಥವಾ ಸಮ' ಎಂದಾಗಿತ್ತು. ವಿವರಣೆಯ ಜಾಗದಲ್ಲಿ 'ಬಿಲ್ಡ್ ಸರಿಪಡಿಸಿದೆ' ಎಂದಷ್ಟೇ ಇತ್ತು. ಬರೆದವರು ಕೆಲಸ ಬಿಟ್ಟಾಗಿತ್ತು. ಆ ಮೂರು ಸಾಲು ಬೇಕೋ ಬೇಡವೋ ಎಂದು ತಿಳಿಯಲು ನನಗೆ ನಾಲ್ಕು ದಿನ ಹಿಡಿಯಿತು. ಮೂಲದವರು ಅದೇ ದೋಷವನ್ನು ಬೇರೆ ರೀತಿಯಲ್ಲಿ ಸರಿಪಡಿಸಿ ಒಂದು ವರ್ಷ ಕಳೆದಿತ್ತು!

ನಿಂಜಾದ ಕಥೆಯನ್ನೇ ನೋಡಿ. ಫೋರ್ಟ್ರಾನ್ ಭಾಷೆಯಲ್ಲಿ ಒಂದು ಕಡತ ಇನ್ನೊಂದರ ಮಾಡ್ಯೂಲನ್ನು ಬಳಸಿದರೆ, ಯಾವುದನ್ನು ಮೊದಲು ಕಂಪೈಲ್ ಮಾಡಬೇಕೆಂಬುದು ಕಡತಗಳ ಒಳಗೆ ಇಣುಕಿದ ಮೇಲೆಯೇ ತಿಳಿಯುತ್ತದೆ. ನಿಂಜಾಗೋ ಅದೆಲ್ಲ ಮೊದಲೇ ಗೊತ್ತಿರಬೇಕಿತ್ತು. ನಿಂಜಾಗೆ ಬೇಕಾದ ಬಿಲ್ಡ್ ಕಡತಗಳನ್ನು ಬರೆದುಕೊಡುವ ಸಿಮೇಕ್ ಟೂಲನ್ನು ರೂಪಿಸುವ ಕಿಟ್‌ವೇರ್ ಸಂಸ್ಥೆ ಇದಕ್ಕಾಗಿ ನಿಂಜಾದ ತನ್ನದೇ ಕವಲನ್ನು (ತಿದ್ದಿದ ಪ್ರತಿಯನ್ನು) ವರ್ಷಗಟ್ಟಲೆ ಸಾಕಿತು. ಅಷ್ಟಕ್ಕೇ ಬಿಡದೆ ಮೂಲಕ್ಕೂ ಒಯ್ದಿತು. ಬಿಲ್ಡ್ ನಡೆಯುವಾಗಲೇ ಈ ಕ್ರಮ ಕಂಡುಕೊಳ್ಳುವ 'ಡೈನ್‌ಡೆಪ್' ಎಂಬ ಆ ಸೌಲಭ್ಯ 2020ರಲ್ಲಿ 1.10ನೇ ಆವೃತ್ತಿಗೆ ಸೇರಿತು. ಇಂದು ಸಿ ಪ್ಲಸ್ ಪ್ಲಸ್ ಭಾಷೆಯ 2020ರ ಆವೃತ್ತಿಯ ಮಾಡ್ಯೂಲ್‌ಗಳನ್ನು ಸಿಮೇಕ್ ನಿಂಜಾ ಮೂಲಕ ಕಟ್ಟುವುದು ಅದರ ಬಲದಿಂದಲೇ. ಫೋರ್ಟ್ರಾನ್ ಬಳಕೆದಾರರಿಗೆಂದು ಮಾಡಿದ ಕೆಲಸ ಇಷ್ಟು ದೂರ ಬಂದಿರುವುದು ನನಗೆ ಇಂದಿಗೂ ಸಂತೋಷ ಕೊಡುತ್ತದೆ.

ಕಳಿಸಿದ್ದೆಲ್ಲ ಬೇಗ ಸೇರುತ್ತದೆಂದು ನಂಬಬೇಡಿ. ಮೇಕ್ ಎಂಬ ಇನ್ನೊಂದು ಬಿಲ್ಡ್ ಟೂಲಿನ ಒಳಗಿನಿಂದ ನಿಂಜಾ ಓಡಿದಾಗ ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಕೆಲಸಗಳನ್ನು ಹುಟ್ಟಿಸಿ ಯಂತ್ರದ ಮೆಮೊರಿಯನ್ನು ತಿಂದುಹಾಕುವುದುಂಟು. ಒಟ್ಟು ಕೆಲಸಗಳಿಗೆ ಒಂದೇ ಮಿತಿ ಹಾಕಿ ಅದನ್ನು ತಡೆಯುವ ಜಾಬ್‌ಸರ್ವರ್ ಬೆಂಬಲ ಕಿಟ್‌ವೇರ್‌ನ ಅದೇ ಕವಲಿನಲ್ಲಿ ಬಹುಕಾಲದಿಂದ ಇತ್ತು. ಮೂಲಕ್ಕೆ ಬಂದದ್ದು 2025ರಲ್ಲಿ, 1.13ರಲ್ಲಿ, ಅದೂ ಬೇರೆಯದೇ ರೂಪದಲ್ಲಿ. ಅಲ್ಲಿಯವರೆಗೆ ಪ್ಯಾಚ್ ಹೊತ್ತವರನ್ನು ನಾನು ತಪ್ಪೆನ್ನಲಾರೆ. ನಿಮ್ಮ ನಾಲ್ಕರಲ್ಲಿ ಇದೂ ಒಂದಾಗಿದ್ದರೆ ಗ್ನೂ ಮೇಕ್ 4.4 ಮತ್ತು ನಿಂಜಾ 1.13 ಜೊತೆಗಿಟ್ಟು ಒಮ್ಮೆ ಪರೀಕ್ಷಿಸಿ, ಪ್ಯಾಚನ್ನೇ ಕೈಬಿಡಬಹುದು.

ಉಳಿದವುಗಳಿಗೆ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯವರ ಪದ್ಧತಿ ಅನುಸರಿಸಿ. ಅವರ ಪ್ಯಾಚ್‌ನ ತಲೆಯಲ್ಲಿ 'ಫಾರ್ವರ್ಡೆಡ್' ಎಂಬ ಸಾಲಿಗೆ ಜಾಗವಿದೆ: ಮೂಲಕ್ಕೆ ಕಳಿಸಿದ್ದರೆ ಅದರ ಕೊಂಡಿ, ಕಳಿಸುವ ಅಗತ್ಯವಿಲ್ಲದಿದ್ದರೆ ಹಾಗೆಂದು. ನಿಮ್ಮ ಕಚೇರಿಯ ಸರ್ವರ್ ವಿಳಾಸ ತುರುಕಿದ ಪ್ಯಾಚ್ ಎರಡನೆಯ ಗುಂಪಿಗೆ ಸೇರುತ್ತದೆ. ಮಿಕ್ಕವುಗಳಲ್ಲಿ ಆ ಸಾಲು ಖಾಲಿ ಇದ್ದರೆ ಈ ವಾರವೇ ತುಂಬಿಸಿ.