ಬಿಟ್ಟಿ ಮೀನು, ಮೋಶೆಯ ದೂರು

ಓದುಗರ ಪತ್ರ: ನನ್ನ ಗಂಡನಿಗೆ ಲಕ್ವ ಹೊಡೆದು ಎರಡು ವರ್ಷವಾಯಿತು. ಹಾಸಿಗೆ ಬಿಟ್ಟು ಎದ್ದಿಲ್ಲ. ಪ್ರಾರ್ಥನಾ ಕೂಟದಲ್ಲಿ ಒಂದು ದಿನ ‘ದೇವರು ಇನ್ನೆಷ್ಟು ದಿನ ಹೀಗೇ ಇಡ್ತಾನೋ’ ಅಂದುಬಿಟ್ಟೆ. ‘ಗುಣುಗುಟ್ಟಬೇಡಿ, ಗುಣುಗುಟ್ಟಿದ್ದಕ್ಕೇ ಇಸ್ರಾಯೇಲ್ಯರು 40 ವರ್ಷ ಅಲೆದದ್ದು’ ಅಂದರು. ಅವತ್ತಿನಿಂದ ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ. ನಾನು ಮಾಡಿದ್ದು ಪಾಪವಾ?
– ಒಬ್ಬ ಓದುಗರು, ಧಾರವಾಡ

ಪ್ರಿಯ ಸಹೋದರಿ,

ಪಾಪವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ‘ಮಾತೇ ಬರುವುದಿಲ್ಲ’ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ತುಂಬಾ ಸಂಕಟವಾಯಿತು.

ಆ 40 ವರ್ಷದ ಮಾತು ಸತ್ಯವೇದದ ಅರಣ್ಯಕಾಂಡದ 14ನೇ ಅಧ್ಯಾಯದ್ದು. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡುಗಡೆಯಾದ ಇಸ್ರಾಯೇಲ್ಯರನ್ನು ಮೋಶೆ ಮರುಭೂಮಿಯಲ್ಲಿ ನಡೆಸಿಕೊಂಡು ಹೋಗುತ್ತಿದ್ದ. ದೇವರು ಕೊಡುತ್ತೇನೆ ಅಂದಿದ್ದ ವಾಗ್ದಾನದ ನಾಡು ನೋಡಿ ಬರಲು 12 ಜನ ಹೋಗಿದ್ದರು. ಹತ್ತು ಜನ ಹೆದರಿಸಿದರು. ಜನ ರಾತ್ರಿಯೆಲ್ಲ ಅತ್ತು, ಬೇರೆ ನಾಯಕನನ್ನು ಆರಿಸಿಕೊಂಡು ಐಗುಪ್ತಕ್ಕೇ ವಾಪಸ್ ಹೋಗೋಣ ಅಂದರು. ಬಿಡುಗಡೆಯೇ ಬೇಡ ಅಂದವರ ಕತೆ ಅದು. ನೋವು ತಡೆಯಲಾರದೆ ಕೂಗಿದವರದ್ದು ಬೇರೆ ಕತೆ.

ಅವರ ಕತೆ ವಿಮೋಚನಕಾಂಡದಲ್ಲಿದೆ. ಮಾರಾ ಎಂಬಲ್ಲಿಗೆ ಬರುವಷ್ಟರಲ್ಲಿ ಮೂರು ದಿನ ನೀರಿಲ್ಲ. ಸಿಕ್ಕ ನೀರೂ ಕಹಿ. ಜನ ಗುಣುಗುಟ್ಟಿದರು. ನೀರು ಸಿಹಿಯಾಯಿತು. ಮುಂದೆ ಹಸಿವಾಯಿತು, ಮತ್ತೆ ಗುಣುಗುಟ್ಟಿದರು. ಮನ್ನ ಅನ್ನುವ ಆಹಾರ ದೇವರಿಂದ ಸಿಕ್ಕಿತು. ರೆಫೀದೀಮಿನಲ್ಲಿ ಬಂಡೆಯಿಂದ ನೀರು ಬಂತು. ಆ ಬಾಯಾರಿಕೆಗೆ, ಆ ಹಸಿವಿಗೆ ಶಿಕ್ಷೆಯಾಗಲಿಲ್ಲ.

ಹಾಗಾದರೆ ದೇವರು ಸಿಟ್ಟಾದದ್ದು ಯಾವಾಗ? ಅರಣ್ಯಕಾಂಡದ 11ನೇ ಅಧ್ಯಾಯ ತೆಗೆಯಿರಿ. ಆಗ ಹಸಿವಿರಲಿಲ್ಲ. ದಿನಾ ರಾತ್ರಿ ಇಬ್ಬನಿಯ ಜೊತೆ ಮನ್ನ ಬೀಳುತ್ತಿತ್ತು. ಬೀಸಿ, ಕುಟ್ಟಿ, ಬೇಯಿಸಿ ರೊಟ್ಟಿ ಮಾಡಿಕೊಳ್ಳುತ್ತಿದ್ದರು. ಆದರೂ ಐಗುಪ್ತದಲ್ಲಿ ಬಿಟ್ಟಿಯಾಗಿ ತಿನ್ನುತ್ತಿದ್ದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆಸಿಕೊಂಡು ಅತ್ತರು. ಈ ‘ಬಿಟ್ಟಿ’ ಅನ್ನುವ ಮಾತಿನ ಮುಂದೆ ನಾನು ಎಷ್ಟೋ ಸಲ ನಿಂತುಬಿಟ್ಟಿದ್ದೇನೆ. ಪುಕ್ಕಟೆ ಸಿಕ್ಕಿದ್ದೂ ನಮಗೆ ಬಿಟ್ಟಿ, ಕೂಲಿ ಕೊಡದೆ ಮಾಡಿಸಿಕೊಂಡ ದುಡಿಮೆಯೂ ಬಿಟ್ಟಿ, ಅಲ್ವಾ? ಇಟ್ಟಿಗೆ ಮಾಡಿ ಬೆನ್ನು ಮುರಿದುಕೊಂಡವರು ಇವರು. ಇವರಿಗೆ ಹುಟ್ಟುವ ಗಂಡುಕೂಸುಗಳನ್ನೆಲ್ಲ ನದಿಗೆ ಎಸೆಯಿರಿ ಅಂತ ಐಗುಪ್ತದ ಅರಸ ಫರೋಹ ಅಪ್ಪಣೆ ಮಾಡಿದ್ದ. ಆ ನದಿ ಮರೆತುಹೋಯಿತು. ಮೀನಿನ ರುಚಿ ಮಾತ್ರ ನೆನಪಿನಲ್ಲಿ ಉಳಿಯಿತು.

ನನಗೆ ಕೃತಜ್ಞತೆ ಅಂದರೆ ಆ ನದಿಯನ್ನು ಮರೆಯದಿರುವುದು. ನೋವನ್ನು ನುಂಗಿಕೊಂಡು ಸುಮ್ನೆ ಕೂರುವುದಕ್ಕೆ ಆ ಹೆಸರು ಬೇಡ. ಲೇಯಳನ್ನು ನೋಡಿ. ಅವಳಿಗೂ ತಂಗಿ ರಾಹೇಲಳಿಗೂ ಯಾಕೋಬನೇ ಗಂಡ. ಅವನ ಪ್ರೀತಿಯೆಲ್ಲ ರಾಹೇಲಳಿಗೆ. ಮೊದಲ ಮೂರು ಮಕ್ಕಳಿಗೆ ಹೆಸರಿಡುವಾಗಲೂ ಆ ದುಃಖವನ್ನೇ ಹೇಳಿಕೊಂಡಳು. ನಾಲ್ಕನೆಯವನು ಹುಟ್ಟಿದಾಗ ‘ಈಗ ಯೆಹೋವನನ್ನು ಸ್ತುತಿಸುವೆನು’ ಅಂದು ಯೆಹೂದ ಅಂತ ಕರೆದಳು. ಯೆಹೂದ್ಯರು ಅನ್ನುವ ಹೆಸರು ಬಂದದ್ದು ಅಲ್ಲಿಂದಲೇ. ಮೊದಲ ಮೂರು ಹೆಸರುಗಳನ್ನೂ ಸತ್ಯವೇದ ಅಳಿಸಲಿಲ್ಲ ಅನ್ನುವುದನ್ನು ಗಮನಿಸಿ.

ನೀವು ಕೇಳಿದ ‘ಇನ್ನೆಷ್ಟು ದಿನ’ ಕೂಡ ಹೊಸದಲ್ಲ. 13ನೇ ಕೀರ್ತನೆ ಶುರುವಾಗುವುದೇ ಅದರಿಂದ. ಪ್ರವಾದಿ ಹಬಕ್ಕೂಕನೂ ಮೊದಲು ಕೇಳಿದ್ದು ಅದನ್ನೇ. ಅಂಜೂರ ಚಿಗುರದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ಯೆಹೋವನಲ್ಲಿ ಸಂತೋಷಪಡುತ್ತೇನೆ ಅಂತ ಅವನು ಹೇಳಿದ್ದು ಕೊನೆಯ ಅಧ್ಯಾಯದಲ್ಲಿ. ನಮ್ಮ ಕೂಟಗಳಲ್ಲಿ ಆ ಕೊನೆಯ ಅಧ್ಯಾಯವನ್ನೇ ಜಾಸ್ತಿ ಹಾಡುತ್ತೇವೆ. ನಿಮಗೆ ಈಗ ಮೊದಲನೆಯದನ್ನು ಹೇಳುವ ಹೊತ್ತಾದರೆ ಅದನ್ನೇ ಹೇಳಿ. ಅದೂ ಬಾಯಿಗೆ ಬಾರದಿದ್ದರೆ 88ನೇ ಕೀರ್ತನೆ ಇದೆ. ಅದು ಕತ್ತಲಲ್ಲೇ ಮುಗಿಯುತ್ತದೆ. ಸ್ತುತಿಗೆ ತಿರುಗುವುದೇ ಇಲ್ಲ. ಆದರೂ ಅದು ಪ್ರಾರ್ಥನೆಯೇ. ನಮ್ಮ ತಾಯಿ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ನನ್ನ ಕೈಯಲ್ಲಿ ಓದಲು ಆದದ್ದು ಅದೊಂದೇ.

ಇನ್ನೊಂದು ಮಾತು. ಇದನ್ನು ನಿಮ್ಮ ಕೂಟದವರೂ ಓದಲಿ. ಆ 11ನೇ ಅಧ್ಯಾಯದಲ್ಲೇ ಮೋಶೆಯ ದೂರೂ ಇದೆ. ಈ ಜನರನ್ನೆಲ್ಲ ನಾನೇ ಹೆತ್ತೆನಾ, ಎದೆಗವಚಿಕೊಂಡು ಹೊರಲು? ಒಬ್ಬನಿಂದ ಆಗುವುದಿಲ್ಲ, ನನ್ನನ್ನು ಕೊಂದೇಬಿಡು ಅಂತ ದೇವರಿಗೇ ಹೇಳಿದ. ನೀವು ಹೇಳಿದ್ದಕ್ಕಿಂತ ಎಷ್ಟೋ ಗಟ್ಟಿ ಮಾತು. ದೇವರು ಅವನನ್ನು ಗದರಲಿಲ್ಲ. 70 ಜನ ಹಿರಿಯರನ್ನು ಕರೆದು ತಾ, ಭಾರವನ್ನು ಅವರೂ ಹೊರಲಿ ಅಂದ.

ಕೂಟದ ಅಣ್ಣಂದಿರೇ, ಅಕ್ಕಂದಿರೇ, ಈ ತಂಗಿಯ ಮನೆಗೆ 70 ಜನ ಬೇಕಾಗಿಲ್ಲ. ವಾರಕ್ಕೆ ಇಬ್ಬರು ಸಾಕು. ಒಬ್ಬರು ಈಕೆಯ ಗಂಡನನ್ನು ಮಗ್ಗುಲು ತಿರುಗಿಸಲು ನೆರವಾಗಿ. ಇನ್ನೊಬ್ಬರು ಎರಡು ಗಂಟೆ ಹಾಸಿಗೆಯ ಪಕ್ಕ ಕೂತಿರಿ. ಅಷ್ಟು ಹೊತ್ತು ಈಕೆ ಮಲಗಲಿ.

– ಸಂಪಾದಕ