ಕುಶಾಲನಗರದಲ್ಲಿ ಕಾವೇರಿ ದಡದುದ್ದಕ್ಕೂ ನಡಿಗೆ-ಸೈಕಲ್ ದಾರಿ ಮಾಡೋದು ಯಾಕೆ ಕಷ್ಟ? ಹಣ ಎಲ್ಲಿಂದ?

ಹಣಕ್ಕಿಂತ ಮೊದಲು ಅಡ್ಡ ಬರುವುದು ಜಾಗ. ಹೊಳೆದಂಡೆ ಒಂದೇ ಪಟ್ಟಿಯಲ್ಲ; ಒಂದಿಷ್ಟು ಪೈಸಾರಿ (ಸರ್ಕಾರಿ ಜಮೀನು), ಒಂದಿಷ್ಟು ಬಿ-ಖರಾಬು (ಸಾಗುವಳಿಗಲ್ಲದೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ), ನಡುವೆ ಯಾರದೋ ತೋಟ ಅಥವಾ ಬಡಾವಣೆ. ಸರ್ಕಾರಿ ಅನುದಾನ ಸಿಗುವುದು ತಕರಾರಿಲ್ಲದ ಸಾರ್ವಜನಿಕ ಜಾಗಕ್ಕೆ ಮಾತ್ರ. ಹಾಗಾಗಿ ಗ್ರಾಮನಕ್ಷೆ, ಪಹಣಿ ಹಿಡಿದು ಸರ್ವೆ ಮಾಡಿಸಿ, ತಡೆಯಿಲ್ಲದ ಒಂದೆರಡು ಕಿಲೋಮೀಟರಿನಿಂದ ಶುರು ಮಾಡಿ.

ಎರಡನೆಯದು ನೆರೆ. 2018, 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿವರೆಗೆ ಬಂದಿತ್ತೆಂದು ಮನೆಗೋಡೆಗಳ ಕಲೆ ನೋಡಿ ಗುರುತಿಸಿ. ಅಷ್ಟು ಎತ್ತರಕ್ಕೆ ಮಣ್ಣು ತುಂಬಿಸಬೇಡಿ, ಅದು ಒಡ್ಡಾಗಿ ಊರಿನಿಂದ ಹೊಳೆಗೆ ಹರಿಯಬೇಕಾದ ನೀರನ್ನು ತಡೆಯುತ್ತದೆ. ನೆಲಮಟ್ಟದಲ್ಲೇ, ಅಂಚಿನಿಂದ ಹಿಂದೆ ಸರಿದು, ಕನಿಷ್ಠ 3 ಮೀಟರ್ ಅಗಲ, ಶೇ 2ರಷ್ಟು ಅಡ್ಡ ಇಳಿಜಾರು ಕೊಟ್ಟು ಕಾಂಕ್ರೀಟ್ ಹಾಕಿ. ಇಂಟರ್‌ಲಾಕ್ ಚೆಂದ ಕಾಣುತ್ತದೆ ನಿಜ, ಆದರೆ ರಭಸದ ನೀರು ಅಡಿಯ ಮರಳನ್ನು ಎಳೆದೊಯ್ದರೆ ಇಟ್ಟಿಗೆಗಳು ಬಾಯಿಬಿಡುತ್ತವೆ. ತೋಡು (ಸಣ್ಣ ಹಳ್ಳ) ಹೊಳೆ ಸೇರುವಲ್ಲಿ ಸಣ್ಣ ಪೈಪ್ ಸಾಲದು. ಬಿದಿರು, ಕಸ ಸಿಕ್ಕಿ ಕಟ್ಟುತ್ತದೆ. ಅಲ್ಲಿ ಅಗಲ ಬಾಯಿಯ ಮೋರಿಯೇ ಬೇಕು.

ಹಣಕ್ಕೆ ಪುರಸಭೆಯ ಅನುದಾನ, ಶಾಸಕರ ನಿಧಿ, ವರ್ಷಕ್ಕೆ 5 ಕೋಟಿಯ ಸಂಸದರ ನಿಧಿ, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ ಹಣ) ಇವೆ. ಆದರೆ ಸಂಸದರ ನಿಧಿ ಕಟ್ಟಲಿಕ್ಕೆ ಮಾತ್ರ, ನಿರ್ವಹಣೆಗಲ್ಲ. ಪ್ರತಿ ಮಳೆಗಾಲ ಮುಗಿದ ಮೇಲೆ ಹೂಳು ತೆಗೆಯುವವರು ಯಾರು, ಯಾವ ದುಡ್ಡಿನಲ್ಲಿ ಎಂದು ಪುರಸಭೆಯಿಂದ ಮೊದಲೇ ಬರಹದಲ್ಲಿ ಪಡೆಯಿರಿ.